ಅಪರಿಗ್ರಹ ಮತ್ತು ಇನ್‌ಬಾಕ್ಸ್

ಬಯಸದೆ ಬಂದದ್ದು, ಕೈಚಾಚಿ ಪಡೆಯದೆ ಸೇರಿದ್ದು, ಮನೆಯಲ್ಲಿ ಒಂದಂಗುಲ ಜಾಗವನ್ನೂ ಬೇಡದೆ ಉಳಿದಿರುವುದು ಪರಿಗ್ರಹವಾಗಬಲ್ಲದೇ ಎಂಬ ಪ್ರಶ್ನೆಯನ್ನು ಇಮೇಲ್‌ನ ಇನ್‌ಬಾಕ್ಸ್ ಈ ಕಾಲದ ಮನುಷ್ಯನ ಮುಂದೆ ಪ್ರತಿದಿನವೂ ಇಡುತ್ತಿದೆ. ಪರಿಗ್ರಹವೆಂದರೆ ಸಂಗ್ರಹಿಸಿ ತನ್ನದೆಂದು ಹಿಡಿದುಕೊಳ್ಳುವುದು. ಅದನ್ನು ಬಿಡುವುದು ಅಥವಾ ಅದಕ್ಕೊಂದು ಮಿತಿ ಹಾಕಿಕೊಳ್ಳುವುದು ಅಪರಿಗ್ರಹ. ಜೈನಧರ್ಮದ ಐದು ವ್ರತಗಳಲ್ಲಿ ಒಂದಾದ ಇದು ಮುನಿಗಳ ಪಾಲಿಗೆ ಸರ್ವತ್ಯಾಗದ ಮಹಾವ್ರತವಾದರೆ ಗೃಹಸ್ಥರ ಪಾಲಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತ: ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಆಳುಕಾಳು, ಬಟ್ಟೆ, ಪಾತ್ರೆ ಇವುಗಳಲ್ಲಿ ಇಂತಿಷ್ಟಕ್ಕಿಂತ ಹೆಚ್ಚನ್ನು ಇಟ್ಟುಕೊಳ್ಳುವುದಿಲ್ಲವೆಂದು ತಾನೇ ಗೆರೆ ಎಳೆದುಕೊಳ್ಳುವುದು. ಈ ಪಟ್ಟಿಯಲ್ಲಿ ಪತ್ರಕ್ಕೆ ಸ್ಥಾನವಿಲ್ಲ. ಆದರೂ ಸಾವಿರಾರು ಓದದ ಪತ್ರಗಳ ಮುಂದೆ ಕುಳಿತವನ ದಣಿವಿಗೂ, ತುಂಬಿದ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನ ದಣಿವಿಗೂ ಹೆಚ್ಚಿನ ಅಂತರವಿಲ್ಲ. ಇನ್‌ಬಾಕ್ಸನ್ನು ಅಚ್ಚುಕಟ್ಟಾಗಿಡುವ ಬಗೆಯನ್ನು ಕಚೇರಿಯ ಕೈಪಿಡಿಗಳು ಬೇಕಾದಷ್ಟು ಹೇಳಿಕೊಟ್ಟಿವೆ. ಹಾಗೆ ಅಚ್ಚುಕಟ್ಟಾಗಿಡುವುದು ನಿಜಕ್ಕೂ ಬಿಡುಗಡೆಯೇ, ಅಥವಾ ಅದೂ ಹಿಡಿತದ ಇನ್ನೊಂದು ರೂಪವೇ ಎಂಬುದು ಮಾತ್ರ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆ.

ಬಯಸದೆ ಬಂದದ್ದನ್ನು ಬೇಡವೆನ್ನುವ ಅಧಿಕಾರ ಪತ್ರ ಪಡೆಯುವವನಿಗೆ ಒಂದು ಕಾಲದಲ್ಲಿ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಬ್ರಿಟನ್ನಿನಲ್ಲಿ ರೋಲಂಡ್ ಹಿಲ್ ರೂಪಿಸಿದ ಪೆನ್ನಿ ಅಂಚೆ 1840ರಲ್ಲಿ ಜಾರಿಗೆ ಬರುವ ತನಕ ಕಾಗದದ ಶುಲ್ಕವನ್ನು ಬಹುಮಟ್ಟಿಗೆ ಪಡೆಯುವವನೇ ತೆರುತ್ತಿದ್ದುದರಿಂದ, ಬಾಗಿಲಿಗೆ ಬಂದ ಕಾಗದವನ್ನು ಹಾಗೆಯೇ ಹಿಂದಿರುಗಿಸಲು ಅವನಿಗೆ ಅವಕಾಶವಿತ್ತು. ಅಂಚೆಚೀಟಿ ಬಂದ ಮೇಲೆ ಆ ಹೊರೆ ಕಳಿಸುವವನ ಹೆಗಲಿಗೆ ಸರಿಯಿತು; ಭಾರತದಲ್ಲಿ 1854ರಲ್ಲಿ ದೂರವನ್ನು ಲೆಕ್ಕಿಸದ ಏಕರೂಪದ ದರ ಬಂದಾಗಲೂ ಬರೆಯುವವನು ಪ್ರತಿ ಕಾಗದಕ್ಕೂ ಅರ್ಧ ಆಣೆಯನ್ನಾದರೂ ಕೈಬಿಡಬೇಕಿತ್ತು. ಹೀಗೆ ಒಂದು ಕಾಲದಲ್ಲಿ ಪಡೆಯುವವನ ನಿರಾಕರಣೆ, ಇನ್ನೊಂದು ಕಾಲದಲ್ಲಿ ಕಳಿಸುವವನ ಖರ್ಚು ಪತ್ರಗಳ ಪ್ರವಾಹಕ್ಕೆ ಒಡ್ಡಾಗಿ ನಿಂತಿದ್ದವು. ಇಮೇಲ್ ಎರಡನ್ನೂ ತೆಗೆದುಹಾಕಿತು. ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಸಂದೇಶ ಕಳಿಸಿದ ಏಳು ವರ್ಷಗಳಲ್ಲೇ, 1978ರ ಮೇ ತಿಂಗಳಲ್ಲಿ, ಗ್ಯಾರಿ ಥರ್ಕ್ ಎಂಬ ಮಾರಾಟ ಅಧಿಕಾರಿ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಅವರ ಒಪ್ಪಿಗೆಯಿಲ್ಲದೆ ರವಾನಿಸಿದರು. ಉಳಿದಿದ್ದ ಕೊನೆಯ ತಡೆಯೆಂದರೆ ಸ್ಥಳಾಭಾವ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟ್ ಜಾಗದೊಡನೆ ಆರಂಭವಾಗುವವರೆಗೆ ಉಚಿತ ಇಮೇಲ್ ಸೇವೆಗಳು ಕೆಲವೇ ಮೆಗಾಬೈಟ್‌ಗಳನ್ನು ಕೊಡುತ್ತಿದ್ದವು, ಮತ್ತು ಹಳೆಯದನ್ನು ಅಳಿಸದೆ ಹೊಸದಕ್ಕೆ ಎಡೆಯಿರಲಿಲ್ಲ. ಯಾರೂ ಸಂಕಲ್ಪಿಸದಿದ್ದರೂ ಯಂತ್ರವೇ ಬಳಕೆದಾರನ ಮೇಲೆ ಒಂದು ಬಗೆಯ ಪರಿಮಾಣವ್ರತವನ್ನು ಹೇರಿತ್ತು. ಇನ್ನು ಮುಂದೆ ಏನನ್ನೂ ಅಳಿಸಬೇಕಾಗಿಲ್ಲ ಎಂಬ ಭರವಸೆಯೊಡನೆ ಆ ವ್ರತ ಮುಗಿಯಿತು. ಹೊರಗಿನಿಂದ ಬರುತ್ತಿದ್ದ ಮಿತಿ ಇಲ್ಲವಾದ್ದರಿಂದ ಅದನ್ನು ಒಳಗಿನಿಂದಲೇ ತಂದುಕೊಳ್ಳಬೇಕಾದ ಸ್ಥಿತಿ ಬಂದೊದಗಿತು.

ಈ ಒಳಗಿನ ಮಿತಿಯ ಸ್ವರೂಪವನ್ನು ತಿಳಿಯಲು ಜೈನ ಸೂತ್ರಗ್ರಂಥವಾದ ತತ್ತ್ವಾರ್ಥಸೂತ್ರದಷ್ಟು ನೆರವಾಗುವ ಗ್ರಂಥಗಳು ಕಡಿಮೆ. ಉಮಾಸ್ವಾತಿ ಅಥವಾ ಉಮಾಸ್ವಾಮಿ ಎಂದು ಪರಂಪರೆ ಕರೆಯುವ ಆಚಾರ್ಯರು ಅದರ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ನಿರೂಪಿಸದೆ ಮೂರ್ಛೆ ಎಂಬ ಮನಃಸ್ಥಿತಿಯಿಂದ ನಿರೂಪಿಸುತ್ತಾರೆ. ಇಲ್ಲಿ ಮೂರ್ಛೆಯೆಂದರೆ ಪ್ರಜ್ಞೆ ತಪ್ಪಿ ಬೀಳುವುದಲ್ಲ. ಇದು ನನ್ನದೆಂಬ ಭಾವದಲ್ಲಿ ಮನಸ್ಸು ಮುಳುಗಿ ಎಚ್ಚರ ಕಳೆದುಕೊಳ್ಳುವುದು. ಕನ್ನಡ ನಾಡಿನ ಜೈನ ಪರಂಪರೆ ಆದರದಿಂದ ನೆನೆಯುವ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ತಮ್ಮ ವ್ಯಾಖ್ಯಾನದಲ್ಲಿ ಈ ಮಾತನ್ನು ಇನ್ನಷ್ಟು ಬಿಡಿಸುತ್ತಾ, ಹಸು ಎಮ್ಮೆ ಮಣಿ ಮುತ್ತುಗಳಂತಹ ಹೊರಗಿನ ವಸ್ತುಗಳನ್ನೂ ರಾಗವೇ ಮೊದಲಾದ ಒಳಗಿನ ಭಾವಗಳನ್ನೂ ಗಳಿಸುವುದು, ಕಾಯ್ದುಕೊಳ್ಳುವುದು, ಸಂಸ್ಕರಿಸುವುದು ಇವೆಲ್ಲದರಲ್ಲಿ ತೊಡಗಿರುವ ವ್ಯಾಪಾರವೇ ಮೂರ್ಛೆ ಎನ್ನುತ್ತಾರೆ. ಗಳಿಕೆಯೂ ಕಾವಲೂ ಪರಿಗ್ರಹವೆಂಬುದನ್ನು ಯಾರಾದರೂ ಒಪ್ಪಿಯಾರು. ಆದರೆ ಸಂಸ್ಕಾರವನ್ನು, ಎಂದರೆ ಇರುವುದನ್ನು ಒಪ್ಪಗೊಳಿಸಿ ಓರಣವಾಗಿಡುವುದನ್ನು, ಅವೆರಡರ ಸಾಲಿಗೆ ಸೇರಿಸಿರುವುದು ಅಸಾಧಾರಣ ಸೂಕ್ಷ್ಮದೃಷ್ಟಿ. ಅಚ್ಚುಕಟ್ಟುತನವನ್ನು ಲೋಕ ಸದ್ಗುಣವೆಂದೇ ಎಣಿಸುತ್ತದೆ, ಅದು ಸದ್ಗುಣವೂ ಹೌದು. ಆದರೆ ಯಾವುದನ್ನು ಒಪ್ಪವಾಗಿಡುವುದರಲ್ಲಿ ಮನಸ್ಸು ಇಡೀ ದಿನ ಸವೆಯುತ್ತದೆಯೋ ಅದು ಎಷ್ಟು ಒಪ್ಪವಾಗಿದ್ದರೂ ಮನಸ್ಸನ್ನು ಹಿಡಿದೇ ಇರುತ್ತದೆ ಎಂಬುದು ಈ ವ್ಯಾಖ್ಯಾನದಿಂದ ಹೊರಡುವ ಅರ್ಥ.

ಇದರ ಸತ್ಯವನ್ನು ಇನ್‌ಬಾಕ್ಸ್‌ನ ವ್ಯವಹಾರದಲ್ಲೇ ಕಾಣಬಹುದು. ಸ್ಟೀವ್ ವಿಟೇಕರ್ ಮತ್ತು ಕ್ಯಾಂಡೇಸ್ ಸಿಡ್ನರ್ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಮೇಲ್ ಬಳಸುವವರನ್ನು ಮೂರು ತೆರನಾಗಿ ವಿಂಗಡಿಸಿದ್ದರು: ಪತ್ರಗಳನ್ನು ಫೋಲ್ಡರ್‌ಗಳಿಗೆ ಹಾಕದೆಯೇ ಬಿಡುವವರು, ಆಗಾಗ ಕುಳಿತು ಒಮ್ಮೆಗೇ ಗುಡಿಸುವವರು, ದಿನವೂ ತಪ್ಪದೆ ವಿಂಗಡಿಸುವವರು. ಮುಂದೆ 2011ರಲ್ಲಿ ವಿಟೇಕರ್ ಮತ್ತು ಸಂಗಡಿಗರು 345 ಮಂದಿ ಬಳಕೆದಾರರು ಹಳೆಯ ಪತ್ರಗಳನ್ನು ಹುಡುಕಿದ 85,000ಕ್ಕೂ ಹೆಚ್ಚು ಸಂದರ್ಭಗಳನ್ನು ಪರಿಶೀಲಿಸಿದಾಗ, ಶ್ರಮಪಟ್ಟು ಫೋಲ್ಡರ್‌ಗಳನ್ನು ಕಟ್ಟಿಟ್ಟವರು ಬೇಕಾದ ಪತ್ರವನ್ನು ಪಡೆಯುವುದರಲ್ಲಿ ಇತರರಿಗಿಂತ ಹೆಚ್ಚಿನ ಯಶಸ್ಸನ್ನೇನೂ ಕಾಣಲಿಲ್ಲ. ಹುಡುಕುಪೆಟ್ಟಿಗೆಯಲ್ಲಿ ಒಂದು ಪದವನ್ನು ಬೆರಳಚ್ಚಿಸಿದವರಿಗೂ ಅದೇ ಪತ್ರ ಸಿಗುತ್ತಿತ್ತು. ಕಚೇರಿಗೊಂದು, ಬ್ಯಾಂಕಿಗೊಂದು, ಬಂಧುಗಳಿಗೊಂದು, ಓದಬೇಕಾದದ್ದಕ್ಕೊಂದು ಎಂದು ಬಣ್ಣಬಣ್ಣದ ಲೇಬಲ್‌ಗಳನ್ನು ಹಚ್ಚುವ ಕೆಲಸ ಪ್ರಯೋಜನಕ್ಕಿಂತ ಹೆಚ್ಚಾಗಿ ಒಡೆತನದ ಸಮಾಧಾನವನ್ನೇ ಕೊಡುತ್ತದೆ ಎಂದು ಇದರಿಂದ ಊಹಿಸಿದರೆ ತಪ್ಪಾಗಲಾರದು. ಇನ್‌ಬಾಕ್ಸ್ ಝೀರೋ ಎಂಬ ಪ್ರಸಿದ್ಧ ಪದ್ಧತಿಯ ಗತಿಯೂ ಇಂಥದೇ ಆಯಿತು. ಅಮೆರಿಕದ ಮರ್ಲಿನ್ ಮ್ಯಾನ್ 2007ರಲ್ಲಿ ಗೂಗಲ್ ಸಂಸ್ಥೆಯಲ್ಲಿ ಮಾಡಿದ ಉಪನ್ಯಾಸದಿಂದ ಹೆಸರಾದ ಈ ಪದ್ಧತಿಯಲ್ಲಿ ಸೊನ್ನೆ ಎಂಬುದು ಪೆಟ್ಟಿಗೆಯಲ್ಲಿ ಉಳಿದಿರುವ ಪತ್ರಗಳ ಸಂಖ್ಯೆಯನ್ನು ಕುರಿತದ್ದಲ್ಲ, ಆ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುವ ಮನಸ್ಸಿನ ಪ್ರಮಾಣವನ್ನು ಕುರಿತದ್ದು ಎಂದು ಅವರೇ ವಿವರಿಸಿದ್ದರು; ಅನುಯಾಯಿಗಳು ಸಂಖ್ಯೆಯನ್ನೇ ಹಿಡಿದುಕೊಂಡರು. ಜೈನ ಗ್ರಂಥಗಳ ಸಂಪರ್ಕವಿಲ್ಲದ ಒಂದು ಕಚೇರಿ ವಿಧಾನ ಉಮಾಸ್ವಾತಿಗಳ ಲಕ್ಷಣದ ಹತ್ತಿರಕ್ಕೇ ಬಂದು ನಿಂತದ್ದು ಗಮನಿಸಬೇಕಾದ ಸಂಗತಿ.

ಮನಸ್ಸು ಪೆಟ್ಟಿಗೆಯಲ್ಲಿ ಸಿಕ್ಕಿಕೊಳ್ಳುವ ಬಗೆಯನ್ನು ಅದೇ ಸೂತ್ರಗ್ರಂಥದ ಇನ್ನೊಂದು ಪರಿಕಲ್ಪನೆ ನಿಚ್ಚಳಗೊಳಿಸುತ್ತದೆ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಮುಳ್ಳು. ಶಲ್ಯರಹಿತನಾದವನೇ ವ್ರತಿ ಎಂದು ಅಲ್ಲಿ ಹೇಳಿದೆ, ಮತ್ತು ಮಾಯೆ, ನಿದಾನ, ಮಿಥ್ಯೆ ಎಂಬ ಮೂರನ್ನು ಶಲ್ಯಗಳೆಂದು ಪರಂಪರೆ ಎಣಿಸುತ್ತದೆ. ಮಾಯೆಯೆಂದರೆ ಇಲ್ಲಿ ಕಪಟ, ಒಳಗೊಂದು ಹೊರಗೊಂದು ಇರುವುದು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಇನ್‌ಬಾಕ್ಸ್‌ಗೆ ಹಳೆಯ ವಿದ್ಯಾರ್ಥಿಯೊಬ್ಬಳು ಶಿಫಾರಸು ಪತ್ರವನ್ನು ಕೋರಿ ಬರೆದ ಇಮೇಲ್ ಬಂದಿದೆಯೆಂದು ಭಾವಿಸೋಣ. ಹೆಸರಿನ ಸಾಲು ದಪ್ಪಕ್ಷರದಲ್ಲಿ ಕಾಣಿಸುತ್ತದೆ; ಅವರು ತೆರೆದು ಓದುತ್ತಾರೆ; ಬರೆಯಲು ಅರ್ಧ ಗಂಟೆಯಾದರೂ ಬೇಕು, ವಿದ್ಯಾರ್ಥಿನಿಯ ಕೆಲಸದ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಲು ಮನಸ್ಸು ಪೂರ್ತಿ ಒಪ್ಪುವುದಿಲ್ಲ, ಆಗುವುದಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಆಗ ಅವರು ಓದಿಲ್ಲವೆಂದು ಗುರುತಿಸುವ ಗುಂಡಿಯನ್ನು ಒತ್ತುತ್ತಾರೆ. ತೆಳುವಾಗಿದ್ದ ಸಾಲು ಮತ್ತೆ ದಪ್ಪವಾಗುತ್ತದೆ. ಓದಿರುವುದು ಅವರಿಗೆ ಗೊತ್ತು, ಓದಿಲ್ಲವೆಂದು ಯಂತ್ರ ಹೇಳುತ್ತದೆ. ಮರುದಿನ ಮತ್ತೆ ಅದೇ ಸಾಲು, ಅದೇ ತೆರೆಯುವಿಕೆ, ಅದೇ ಗುಂಡಿ. ಹೊಸ ಪತ್ರಗಳು ಅದನ್ನು ಕೆಳಕ್ಕೆ ನೂಕುತ್ತಾ ಹೋಗುತ್ತವೆ, ಎರಡನೆಯ ಪುಟಕ್ಕೆ ಇಳಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಆದರೂ ಊಟದ ನಡುವೆ, ಪಾಠದ ನಡುವೆ ಥಟ್ಟನೆ ನೆನಪಾಗುತ್ತದೆ. ಅತ್ತ ಅರ್ಜಿಯ ಕೊನೆಯ ದಿನ ಹತ್ತಿರವಾಗುತ್ತಿದೆ, ಬೇರೊಬ್ಬರನ್ನು ಕೇಳಬೇಕೋ ಕಾಯಬೇಕೋ ತಿಳಿಯದೆ ವಿದ್ಯಾರ್ಥಿನಿ ತೊಳಲುತ್ತಿದ್ದಾಳೆ. ಈ ಚಿಕ್ಕ ಗುಂಡಿಯಲ್ಲಿ ಮಾಯಾಶಲ್ಯದ ಲಕ್ಷಣ ಸಂಪೂರ್ಣವಾಗಿದೆ: ತನಗೆ ತಾನೇ ಹೇಳಿಕೊಂಡ ಸುಳ್ಳು, ಅದರಿಂದ ಮನಸ್ಸಿನಲ್ಲಿ ಉಳಿದ ನೋವು, ಅದರ ಫಲವನ್ನು ಉಣ್ಣಬೇಕಾದ ಇನ್ನೊಂದು ಜೀವ. ಆಗದೆಂದು ಅಂದೇ ಬರೆದ ಎರಡು ಸಾಲು ಆಕೆಗೆ ನಿರಾಸೆಯನ್ನು ತಂದೀತು, ಆದರೆ ಅದರ ಹಿಂಸೆ ಈ ಕಾಯುವಿಕೆಯ ಹಿಂಸೆಗಿಂತ ಬಹಳ ಕಡಿಮೆ.

ಇಂಥ ಒಂದೇ ಮುಳ್ಳು ಇಡೀ ತ್ಯಾಗವನ್ನು ತಡೆಹಿಡಿಯಬಲ್ಲದು ಎಂಬ ಅರಿವು ಕನ್ನಡಿಗರಿಗೆ ಬಾಹುಬಲಿಯ ಕಥೆಯಿಂದ ಚಿರಪರಿಚಿತ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟುಕೊಟ್ಟು, ಬಟ್ಟೆಯನ್ನೂ ತೊರೆದು, ಕಾಲಿಗೆ ಬಳ್ಳಿ ಹಬ್ಬಿ ಹುತ್ತ ಬೆಳೆಯುವಷ್ಟು ಕಾಲ ಕಾಯೋತ್ಸರ್ಗದಲ್ಲಿ, ಎಂದರೆ ದೇಹದ ಹಂಬಲವನ್ನು ತ್ಯಜಿಸಿ ಅಲುಗದೆ ನಿಂತ ಸ್ಥಿತಿಯಲ್ಲಿ, ಒಂದು ವರ್ಷ ನಿಂತರೂ ಅವನಿಗೆ ಕೇವಲಜ್ಞಾನವೆಂಬ ಪೂರ್ಣಜ್ಞಾನ ಉಂಟಾಗಲಿಲ್ಲ. ತಾನು ನಿಂತಿರುವ ನೆಲ ಭರತನದು ಎಂಬ ಎಣಿಕೆಯೊಂದು ಒಳಗೆ ಉಳಿದಿತ್ತು ಎಂದು ಜನಜನಿತವಾದ ಕಥೆ ಹೇಳುತ್ತದೆ. ಆ ಎಣಿಕೆ ಅಣ್ಣನಿಗೆ ತನ್ನಿಂದ ಒದಗಿದ ನೋವನ್ನು ಕುರಿತದ್ದೆಂದು ಪುರಾಣಕಾರ ಜಿನಸೇನರು ಕಂಡಿದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ತಾತ್ಪರ್ಯ ಒಂದೇ: ವಸ್ತುಗಳೆಲ್ಲ ಹೋಗಿದ್ದವು, ಇನ್ನೊಬ್ಬನೊಡನೆ ಇತ್ಯರ್ಥವಾಗದ ಸಂಬಂಧವೊಂದು ಉಳಿದಿತ್ತು. ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ವಿಗ್ರಹದ ತೋಳಿನವರೆಗೂ ಹಬ್ಬಿರುವ ಬಳ್ಳಿ ಹೊರಗಿನ ತ್ಯಾಗ ಎಷ್ಟು ದೂರ ಸಾಗಿತ್ತೆಂಬುದಕ್ಕೆ ಸಾಕ್ಷಿ, ಮತ್ತು ಅಷ್ಟು ದೂರ ಸಾಗಿಯೂ ಅದು ಸಾಲದಾಗಿತ್ತು. ಈ ಬೆಳಕಿನಲ್ಲಿ ನೋಡಿದರೆ, ಎಲ್ಲ ಪತ್ರಗಳನ್ನೂ ಒಮ್ಮೆಗೇ ಆರಿಸಿ ಆರ್ಕೈವ್ ಎಂಬ ಕಣ್ಮರೆಯ ಕೋಣೆಗೆ ಸಾಗಿಸಿ ಖಾಲಿ ಪರದೆಯನ್ನು ನೋಡಿ ಹಿಗ್ಗುವುದರಲ್ಲಿ ಅಪರಿಗ್ರಹದ ಲೇಶವೂ ಇಲ್ಲ. ಆ ಕೋಣೆಯಲ್ಲಿ ವಿದ್ಯಾರ್ಥಿನಿ ಇನ್ನೂ ಕಾಯುತ್ತಲೇ ಇರುತ್ತಾಳೆ.

ಉಳಿದೆರಡು ಶಲ್ಯಗಳ ವಿಚಾರ ಇಷ್ಟು ತೊಡಕಿನದಲ್ಲ. ನಿದಾನವೆಂದರೆ ಮುಂದಿನ ಫಲದ ಆಸೆಯನ್ನು ಈಗಿನ ಕ್ರಿಯೆಗೆ ಗಂಟುಹಾಕುವುದು. ಎಂದಾದರೂ ಓದೇನು, ಎಂದಾದರೂ ಉಪಯೋಗಕ್ಕೆ ಬಂದೀತು ಎಂದು ಉಳಿಸಿಕೊಂಡ ವಾರಪತ್ರಿಕೆಗಳೂ ರಿಯಾಯಿತಿ ಮಾರಾಟದ ಪ್ರಕಟಣೆಗಳೂ ಇದರ ಸಂತಾನ. ಇವುಗಳಿಗೆ ಅನ್‌ಸಬ್‌ಸ್ಕ್ರೈಬ್ ಎಂಬ ಕೊಂಡಿಯೇ ಮದ್ದು, ಮತ್ತು 2024ರಿಂದ ಜಿಮೇಲ್, ಯಾಹೂ ಸೇವೆಗಳು ಸಗಟಾಗಿ ಪತ್ರ ಕಳಿಸುವ ಸಂಸ್ಥೆಗಳು ಒಂದೇ ಕ್ಲಿಕ್ಕಿನಲ್ಲಿ ಬಿಡುಗಡೆ ಕೊಡಬೇಕೆಂದು ಕಟ್ಟುನಿಟ್ಟು ಮಾಡಿರುವುದು ಒಳ್ಳೆಯದೇ. ಮಿಥ್ಯೆಯೆಂದರೆ ತಪ್ಪು ನಂಬಿಕೆ. ಮೊಬೈಲ್ ಪರದೆಯ ಮೂಲೆಯ ಕೆಂಪು ವೃತ್ತದೊಳಗಿನ ಅಂಕಿಯೇ ತನ್ನ ಕರ್ತವ್ಯದ ಅಳತೆಯೆಂದು ತಿಳಿಯುವುದಕ್ಕೆ ಬೇರೆ ಹೆಸರು ಬೇಕಿಲ್ಲ.

ಹಾಗಾದರೆ ಇಮೇಲನ್ನೇ ಬಿಟ್ಟುಬಿಡುವುದು ಮಹಾವ್ರತವಾಗಲಾರದೇ? ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ 1990ರ ಜನವರಿ 1ರಿಂದ ಇಮೇಲ್ ಬಳಕೆಯನ್ನು ನಿಲ್ಲಿಸಿದರು. ದೀರ್ಘಕಾಲದ ಏಕಾಗ್ರತೆ ಬೇಡುವ ತಮ್ಮ ಗ್ರಂಥರಚನೆಗೆ ಅದು ಹೊಂದದೆಂಬುದು ಅವರ ಕಾರಣ. ಈ ತೀರ್ಮಾನ ಗೌರವಾರ್ಹ, ಆದರೆ ಅವರಿಗೆ ಬರುವ ಕಾಗದಗಳನ್ನು ನೋಡಿಕೊಳ್ಳಲು ಕಾರ್ಯದರ್ಶಿಯಿದ್ದರು ಎಂಬುದನ್ನೂ ಮರೆಯಬಾರದು; ಒಬ್ಬರ ತ್ಯಾಗ ಇನ್ನೊಬ್ಬರ ಮೇಜಿನ ಮೇಲೆ ಕೆಲಸವಾಗಿ ಇಳಿಯುತ್ತದೆ, ಮತ್ತು ಎಲ್ಲರಿಗೂ ಆ ಅನುಕೂಲವಿರುವುದಿಲ್ಲ. ಇದಕ್ಕೆ ಎದುರಾಗಿ ಗಾಂಧೀಜಿಯವರ ನಿದರ್ಶನವಿದೆ. ಅಪರಿಗ್ರಹವನ್ನು ಆಶ್ರಮದ ವ್ರತಗಳಲ್ಲಿ ಸೇರಿಸಿದ ಅವರು 1930ರಲ್ಲಿ ಯರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ವಾರವಾರವೂ ಬರೆದ ಪತ್ರಗಳಲ್ಲೇ ಆ ವ್ರತವನ್ನು ವಿವರಿಸಿದರು; ವಸ್ತುಗಳಿಗೆ ಸಲ್ಲುವ ನಿಯಮ ಆಲೋಚನೆಗಳಿಗೂ ಸಲ್ಲುತ್ತದೆ, ಬೇಡದ ತಿಳಿವಳಿಕೆಯನ್ನು ತಲೆಯಲ್ಲಿ ತುಂಬಿಕೊಳ್ಳುವವನೂ ವ್ರತಭಂಗ ಮಾಡುತ್ತಾನೆ ಎಂಬುದು ಅಲ್ಲಿನ ಅಭಿಪ್ರಾಯ. ಅದೇ ವ್ಯಕ್ತಿ ಜೀವನದುದ್ದಕ್ಕೂ ಲೆಕ್ಕವಿಲ್ಲದಷ್ಟು ಕಾಗದಗಳಿಗೆ ಉತ್ತರ ಬರೆದರು, ಬಲಗೈ ದಣಿದಾಗ ಎಡಗೈಯಿಂದ ಬರೆದರು, ಬಂದ ಲಕೋಟೆಗಳ ಖಾಲಿ ಬೆನ್ನನ್ನೂ ಬಿಡದೆ ಬಳಸಿದರು. ಕಾಗದವನ್ನು ಕೂಡಿಡದವರು ಕಾಗದ ಬರೆದವರನ್ನು ಕೈಬಿಡಲಿಲ್ಲ. ವಸ್ತುವಿನ ತ್ಯಾಗಕ್ಕೂ ಮನುಷ್ಯರ ತ್ಯಾಗಕ್ಕೂ ಇರುವ ಈ ಭೇದವೇ ಇಡೀ ಚರ್ಚೆಯ ಕೇಂದ್ರ. ಪತ್ರವೆಂಬುದು ವಸ್ತುವಿನ ರೂಪದಲ್ಲಿ ಬಂದು ನಿಲ್ಲುವ ಮನುಷ್ಯನಾದ್ದರಿಂದ ಅದನ್ನು ಧಾನ್ಯದಂತೆ ಅಳೆದು ಹೊರಹಾಕಲು ಬರುವುದಿಲ್ಲ.

ಇಲ್ಲಿಯವರೆಗಿನ ಮಾತು ಪಡೆಯುವವನನ್ನು ಕುರಿತದ್ದು. ಆದರೆ ಜೈನ ನೀತಿ ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿ ನೋಡುತ್ತದೆ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದನ್ನು ಒಪ್ಪಿದ್ದು. ತನ್ನ ಪೆಟ್ಟಿಗೆಯನ್ನು ಖಾಲಿ ಮಾಡುವ ಅವಸರದಲ್ಲಿ ಒಂದು ಪತ್ರವನ್ನು ಯಾವ ಟಿಪ್ಪಣಿಯೂ ಇಲ್ಲದೆ ಕೈಕೆಳಗಿನವರಿಗೆ ತಳ್ಳುವವನು, ಹೊಣೆ ತನ್ನೊಬ್ಬನ ಮೇಲೆ ಬೀಳದಿರಲಿ ಎಂದು ಹತ್ತು ಮಂದಿಯ ಹೆಸರನ್ನು ಸಿಸಿಯಲ್ಲಿ ಸೇರಿಸುವವನು, ಧನ್ಯವಾದ ಎಂಬ ಒಂದೇ ಮಾತನ್ನು ರಿಪ್ಲೈ ಆಲ್ ಒತ್ತಿ ಇಡೀ ವಿಭಾಗಕ್ಕೆ ಹಂಚುವವನು ಕಾರಿತ ಪರಿಗ್ರಹದ ಭಾಗಿಗಳು. ಅವರ ಇನ್‌ಬಾಕ್ಸ್ ನಿರ್ಮಲವಾಗಿರಬಹುದು, ಆ ನಿರ್ಮಲತೆಯ ಬೆಲೆಯನ್ನು ಬೇರೆಯವರು ತೆರುತ್ತಾರೆ. ಅಂಚೆಚೀಟಿಯ ಅರ್ಧ ಆಣೆ ಕಳಿಸುವವನಿಂದ ಬೇಡುತ್ತಿದ್ದ ಕ್ಷಣಕಾಲದ ಯೋಚನೆಯನ್ನು ಇಂದು ಯಾರೂ ಬೇಡುವುದಿಲ್ಲವಾದ್ದರಿಂದ, ಅದು ಬರೆಯುವವನ ವ್ರತವಾಗಿಯೇ ಉಳಿಯಬೇಕು. ಇನ್‌ಬಾಕ್ಸ್‌ನ ಶಿಸ್ತನ್ನು ಬೋಧಿಸುವ ಕೈಪಿಡಿಗಳು ಹೆಚ್ಚಾಗಿ ಪಡೆಯುವವನನ್ನೇ ಉದ್ದೇಶಿಸಿ ಬರೆದಂಥವು. ನೀತಿಯ ದೃಷ್ಟಿಯಿಂದ ಇದು ಅವುಗಳ ದೊಡ್ಡ ಕೊರತೆ.

ಆಚರಣೆಯ ಮಟ್ಟದಲ್ಲಿ ಶ್ರಾವಕಾಚಾರ, ಎಂದರೆ ಗೃಹಸ್ಥರ ನಡವಳಿಕೆಯ ಶಾಸ್ತ್ರ, ಎರಡು ಸಾಧನಗಳನ್ನು ಒದಗಿಸುತ್ತದೆ. ಮೊದಲನೆಯದು ದೇಶವ್ರತ: ನಿಗದಿಯಾದ ಕಾಲದವರೆಗೆ ಇಂತಿಷ್ಟು ಎಲ್ಲೆಯನ್ನು ದಾಟುವುದಿಲ್ಲವೆಂಬ ಸಂಕಲ್ಪ. ಪತ್ರ ನೋಡುವ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಇದರ ಸಹಜ ವಿಸ್ತಾರ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಸ್ಟಾಡಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 124 ವಯಸ್ಕರು ಒಂದು ವಾರ ದಿನಕ್ಕೆ ಮೂರು ಬಾರಿ ಮಾತ್ರ, ಇನ್ನೊಂದು ವಾರ ಬೇಕಾದಷ್ಟು ಬಾರಿ ಇಮೇಲ್ ನೋಡಿದರು. ಮಿತಿಯಿದ್ದ ವಾರದಲ್ಲಿ ಅವರ ದಿನನಿತ್ಯದ ಒತ್ತಡ ಕಡಿಮೆಯಾಗಿತ್ತು. ಆ ಮಿತಿ ಬಂದ ಪತ್ರಗಳನ್ನು ತಡೆಯಲಿಲ್ಲ, ಅವುಗಳ ಕಡೆಗೆ ಮನಸ್ಸು ಓಡುವುದನ್ನು ತಡೆಯಿತು. ಎರಡನೆಯದು ಪ್ರತಿಕ್ರಮಣ: ದಿನದ ಕೊನೆಗೆ, ರಾತ್ರಿಯ ಕೊನೆಗೆ, ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ತಾನು ಎಲ್ಲಿ ಎಡವಿದೆನೆಂದು ಹಿಂದಿರುಗಿ ನೋಡಿ ತಿದ್ದಿಕೊಳ್ಳುವ ಕ್ರಮ. ಸಂಜೆ ಇನ್‌ಬಾಕ್ಸ್ ಮುಚ್ಚುವ ಮುನ್ನ ಎಷ್ಟು ಪತ್ರಗಳು ಉಳಿದವೆಂದು ಎಣಿಸುವುದರ ಬದಲು ಯಾರು ಕಾಯುತ್ತಿದ್ದಾರೆಂದು ನೋಡುವುದು, ಕಾಯುತ್ತಿರುವವರಿಗೆ ಹೌದು ಅಥವಾ ಇಲ್ಲ ಅಥವಾ ಇಂಥ ದಿನ ತಿಳಿಸುವೆ ಎಂದು ಬರೆಯುವುದು ಈ ಕ್ರಮಕ್ಕೆ ಒಪ್ಪುತ್ತದೆ. ಯಾರೂ ಕಾಯದೇ ಇರುವ ಸಾವಿರ ಪತ್ರಗಳು ಹಾಗೆಯೇ ಬಿದ್ದಿದ್ದರೂ ವ್ರತಕ್ಕೆ ಲೋಪವಿಲ್ಲ.

ಆದರೆ ಸಂಬಳಕ್ಕೆ ದುಡಿಯುವವನ ಇನ್‌ಬಾಕ್ಸ್ ಅವನ ಸ್ವಂತದ್ದಲ್ಲವೆಂಬ ಮಾತನ್ನು ಇಲ್ಲಿ ಹೇಳಲೇಬೇಕು. ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿಯಿಂದ ಬಂದ ಪತ್ರಕ್ಕೆ ಬೆಳಗಾಗುವ ಮೊದಲು ಉತ್ತರ ಹೋಗಬೇಕಾದ ಕಡೆ ನೌಕರನಿಗೆ ದೇಶವ್ರತವನ್ನು ಉಪದೇಶಿಸುವುದು ಅನ್ಯಾಯ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಹಗಲಿಗೆ ಹೊಂದಿಕೊಂಡು ದುಡಿಯುವ ಸಾವಿರಾರು ಮಂದಿಯ ಪಾಡು ಇದು. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು, 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಕೆಲಸದ ಹೊತ್ತಿನಾಚೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಕುರಿತು ನೌಕರರ ಪ್ರತಿನಿಧಿಗಳೊಡನೆ ಮಾತುಕತೆ ನಡೆಸಬೇಕೆಂದು ವಿಧಿಸಿತು. ವ್ರತ ಸ್ವಇಚ್ಛೆಯಿಂದ ಬರಬೇಕು, ಆದರೆ ಸ್ವಇಚ್ಛೆಗೆ ಎಡೆಯಾಗುವಷ್ಟು ಬಿಡುವನ್ನು ಸಮಾಜ ಕಟ್ಟಿಕೊಡಬೇಕು. ಬಿಡುವಿಲ್ಲದವನ ತುಂಬಿದ ಇನ್‌ಬಾಕ್ಸನ್ನು ಅವನ ಮೂರ್ಛೆಯೆಂದು ಕರೆಯಲಾಗದು.

ಇಷ್ಟೆಲ್ಲ ಎಚ್ಚರವಿದ್ದರೂ ಕೆಲವು ಪತ್ರಗಳು ಉತ್ತರ ಕಾಣದೆ ವರ್ಷಗಳೇ ಉರುಳಿರುತ್ತವೆ. ಕಾನೂನು ಪಂಡಿತ ಲಾರೆನ್ಸ್ ಲೆಸಿಗ್ 2004ರಲ್ಲಿ ತಮಗೆ ಬಂದು ಉತ್ತರಿಸದೆ ಉಳಿದ ಪತ್ರಗಳ ಸಾಲವನ್ನು ತೀರಿಸಲಾರೆನೆಂದು ದಿವಾಳಿತನವನ್ನೇ ಘೋಷಿಸಿ, ಬರೆದಿದ್ದವರ ಕ್ಷಮೆ ಕೋರಿದರು. ಜೈನರಲ್ಲಿ ಇದಕ್ಕೆ ಹಿಂದಿನಿಂದಲೂ ಒಂದು ದಿನವಿದೆ: ದಿಗಂಬರರು ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯನ್ನು, ಶ್ವೇತಾಂಬರರು ಪರ್ಯೂಷಣದ ಕೊನೆಗೆ ಸಂವತ್ಸರಿಯನ್ನು ಆಚರಿಸಿ, ವರ್ಷದುದ್ದಕ್ಕೂ ತಿಳಿದೋ ತಿಳಿಯದೆಯೋ ಆದ ತಪ್ಪುಗಳಿಗೆ ಪರಸ್ಪರ ಕ್ಷಮೆ ಬೇಡುತ್ತಾರೆ, ದೂರದಲ್ಲಿರುವವರಿಗೆ ಕಾಗದ ಬರೆದು ಬೇಡುವ ರೂಢಿಯೂ ಇದೆ. ಇಂದು ಆ ಕಾಗದದ ಜಾಗಕ್ಕೆ ಚಿತ್ರಸಹಿತವಾದ ಒಂದೇ ಸಂದೇಶ ಬಂದಿದ್ದು, ಅದು ವಿಳಾಸಪಟ್ಟಿಯಲ್ಲಿರುವ ಎಲ್ಲರಿಗೂ ಒಮ್ಮೆಗೇ ಹೋಗುತ್ತದೆ, ಮತ್ತು ಪಡೆದವರ ಇನ್‌ಬಾಕ್ಸ್‌ನಲ್ಲಿ ಇನ್ನಷ್ಟು ಹೊರೆಯಾಗುತ್ತದೆ. ಎಲ್ಲ ಜೀವಿಗಳನ್ನೂ ಒಳಗೊಳ್ಳುವ ಕ್ಷಮೆಯ ಭಾವ ದೊಡ್ಡದು, ಅದನ್ನು ಮನಸ್ಸಿನಲ್ಲಿ ಧರಿಸಲು ಯಾವ ಸಂದೇಶದ ಅಗತ್ಯವೂ ಇಲ್ಲ. ಬರೆಯಬೇಕಾದದ್ದು ಹೆಸರಿರುವ ತಪ್ಪಿಗೆ, ಹೆಸರಿರುವ ವ್ಯಕ್ತಿಗೆ. ಎಂದೋ ಬಂದು ಎರಡನೆಯ ಪುಟಕ್ಕೆ ಇಳಿದುಹೋದ ಆ ಪತ್ರವನ್ನು ಹುಡುಕಿ ತೆರೆದು, ಕೋರಿದ ಸಹಾಯದ ಕಾಲ ಮೀರಿದ್ದರೂ, ಅಂದು ಓದಿಯೂ ಸುಮ್ಮನಿದ್ದುದನ್ನು ಒಪ್ಪಿಕೊಂಡು ಅದರ ಕೆಳಗೇ ಉತ್ತರ ಬರೆದರೆ ಅದು ಕ್ಷಮಾಪಣೆಯಾಗುತ್ತದೆ. ಕ್ಷಮಿಸುವುದೋ ಬಿಡುವುದೋ ಆಮೇಲೆ ಪಡೆದವರಿಗೆ ಸೇರಿದ್ದು.